ಮೈಲಿನ್ ಡಾಕ್ಟರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ನರರೋಗ ವೈದ್ಯ. ಬೆಳಗ್ಗೆ ಓಪಿಡಿ, ಉಳಿದ ಹೊತ್ತು ಮೈಲಿನ್ ಸಂಶೋಧನೆ. ಇಲ್ಲಿರುವ ಪ್ರಶ್ನೆಗಳೆಲ್ಲ ದವಾಖಾನೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಬೆಂಗಳೂರು ರೈಲಿನಲ್ಲಿ ಜನ ನನಗೆ ಕೇಳಿದವು. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ನಾಲ್ಕು ಸಾಲು ಸಾಕು.

ಮೈಲಿನ್ ಅಂದರೆ ಏನು?

ಏನಲ್ಲ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ದೊಡ್ಡಮ್ಮ ಬಹಳ ವರ್ಷ ನಾನು ಮೈಲಿ ಬೇನೆ ಮೇಲೆ ಕೆಲಸ ಮಾಡುತ್ತೇನೆ ಅಂದುಕೊಂಡಿದ್ದರು. "ಆ ಬ್ಯಾನಿ ಹೋಗಿ ಎಷ್ಟ್ ವರ್ಷ ಆತೋ ತಮ್ಮಾ, ಇನ್ನೂ ಏನ್ ಹುಡುಕ್ತಿ?" ಅಂತ ಕೇಳಿದಾಗಲೇ ನನಗೆ ಗೊತ್ತಾದದ್ದು. ಸಿಡುಬಿಗೂ ಇದಕ್ಕೂ ಸಂಬಂಧವಿಲ್ಲ.

ನರತಂತುವಿನ ಸುತ್ತ ಪದರ ಪದರವಾಗಿ ಸುತ್ತಿಕೊಂಡಿರುವ ಹೊದಿಕೆಯೇ ಮೈಲಿನ್. ನೀರಿನಂಶ ತೆಗೆದು ತೂಗಿದರೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕೊಬ್ಬು, ಉಳಿದದ್ದು ಪ್ರೋಟೀನ್. ಮೆದುಳನ್ನು ಕೊಯ್ದು ನೋಡಿದರೆ ಒಳಗಿನ ಭಾಗ ಬೆಳ್ಳಗೆ ಕಾಣುತ್ತದಲ್ಲ, ಆ ಬಿಳುಪು ಇದರದ್ದೇ. 1854ರಲ್ಲಿ ಇದಕ್ಕೆ ಹೆಸರಿಟ್ಟವರು ಜರ್ಮನಿಯ ರುಡಾಲ್ಫ್ ವಿರ್ಶೋ. ಗ್ರೀಕ್ ಭಾಷೆಯಲ್ಲಿ ಮಜ್ಜೆ ಎನ್ನುವ ಅರ್ಥದ ಪದದಿಂದ ಬಂದ ಹೆಸರು.

ಅದರಿಂದ ಉಪಯೋಗ ಏನು?

ಮುಖ್ಯವಾಗಿ ವೇಗ. ರೊಟ್ಟಿ ಮಾಡುವಾಗ ಬೆರಳು ಹಂಚಿಗೆ ತಾಗಿದ ಕ್ಷಣ ನೆನಪು ಮಾಡಿಕೊಳ್ಳಿ. ಮೊದಲು ಚುರ್ ಅನ್ನುತ್ತದೆ. ಒಂದು ಗಳಿಗೆ ಬಿಟ್ಟು ನಿಜವಾದ ಉರಿ ಏರುತ್ತದೆ. ಸುಟ್ಟದ್ದು ಒಂದೇ ಸಲ, ಸುದ್ದಿ ಮಾತ್ರ ಎರಡು ಸಲ ಬರುತ್ತದೆ. ಮೊದಲನೆಯದು ತೆಳ್ಳನೆ ಮೈಲಿನ್ ಇರುವ ತಂತುಗಳಲ್ಲಿ ಬಂದದ್ದು. ಎರಡನೆಯದು ಮೈಲಿನ್ ಇಲ್ಲದ ತಂತುಗಳಲ್ಲಿ, ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ, ನಡೆದುಕೊಂಡು ಬಂದ ಹಾಗೆ ಬಂದದ್ದು. ದಪ್ಪ ಮೈಲಿನ್ ಇರುವ ತಂತುಗಳಲ್ಲಿ ಸಂದೇಶ ಸೆಕೆಂಡಿಗೆ 120 ಮೀಟರ್ ತನಕ ಓಡುತ್ತದೆ. ಗಂಟೆಯ ಲೆಕ್ಕದಲ್ಲಿ ನಾನೂರು ಕಿಲೋಮೀಟರ್ ದಾಟಿತು!

ವೈರಿನ ಮೇಲಿನ ಪ್ಲಾಸ್ಟಿಕ್ ಇದ್ದ ಹಾಗೆ, ಅಲ್ವಾ?

ನಾನೂ ಮೊದಲು ಹಾಗೇ ಹೇಳುತ್ತಿದ್ದೆ. ಒಮ್ಮೆ ಆಳಂದ ಕಡೆಯ ರೈತರೊಬ್ಬರು ಎಲ್ಲ ಕೇಳಿಸಿಕೊಂಡು, "ಹಂಗಾದ್ರ ವೈಂಡಿಂಗ್ ಮಾಡಿಸಿಬಿಡ್ರಿ ಸಾಹೇಬ್ರ. ನಮ್ಮ ಬೋರಿನ ಮೋಟರ್ ಸುಟ್ಟಾಗ ಎರಡ ದಿನದಾಗ ಮಾಡಿಕೊಟ್ರು" ಎಂದರು. ಆವತ್ತಿಗೆ ವೈರಿನ ಹೋಲಿಕೆ ಬಿಟ್ಟೆ.

ಅದು ಅರ್ಧ ಮಾತ್ರ ಸರಿ. ವೈರಿನ ಪ್ಲಾಸ್ಟಿಕ್ ಉದ್ದಕ್ಕೂ ಇರುತ್ತದೆ. ಮೈಲಿನ್ ತುಂಡು ತುಂಡಾಗಿ ಇರುತ್ತದೆ, ನಡುನಡುವೆ ಸಣ್ಣ ಸಂದಿ. ಈ ಸಂದಿಗಳನ್ನು ಫ್ರಾನ್ಸಿನ ರಾನ್ವಿಯೇ 1870ರ ದಶಕದಲ್ಲಿ ವಿವರಿಸಿದರು, ಇವತ್ತಿಗೂ ಅವರದ್ದೇ ಹೆಸರು. ವಿದ್ಯುತ್ ಸಂದೇಶ ಹೊಸದಾಗಿ ಚಿಮ್ಮುವುದು ಈ ಸಂದಿಗಳಲ್ಲಿ ಮಾತ್ರ. ಊರೂರಿಗೆ ನಿಲ್ಲುವ ಬಸ್ಸಿಗೂ ತಾಲೂಕಿಗೊಂದೇ ಸ್ಟಾಪ್ ಇರುವ ಬಸ್ಸಿಗೂ ಇರುವ ವ್ಯತ್ಯಾಸ ಇದು.

ಇನ್ನೊಂದು ವ್ಯತ್ಯಾಸ ನನ್ನ ಕೆಲಸಕ್ಕೆ ಜಾಸ್ತಿ ಮುಖ್ಯ. ಪ್ಲಾಸ್ಟಿಕ್ ಸತ್ತ ವಸ್ತು, ಮೈಲಿನ್ ಜೀವಂತ ಜೀವಕೋಶದ ಮೈ. ಅದು ಒಳಗಿನ ತಂತುವಿಗೆ ಲ್ಯಾಕ್ಟೇಟ್ ಎಂಬ ಇಂಧನ ಒದಗಿಸುತ್ತದೆ. ಹೊದಿಕೆ ಹೋದರೆ ವೇಗ ಮಾತ್ರ ಹೋಗುವುದಿಲ್ಲ, ಊಟವೂ ಹೋಗುತ್ತದೆ. ಬಹಳ ಕಾಲ ಬರಿಮೈಯಲ್ಲಿ ಉಳಿದ ತಂತು ಕೊನೆಗೆ ಸಾಯುತ್ತದೆ. ತಂತು ಸತ್ತಮೇಲೆ ಯಾವ ಹೊದಿಕೆ ಹೊದಿಸಿ ಏನು? ಹಾಗಾಗಿ ದುರಸ್ತಿಯ ಕೆಲಸದಲ್ಲಿ ನಮಗೆ ಯಾವಾಗಲೂ ಗಡಿಯಾರದ ಮೇಲೆ ಒಂದು ಕಣ್ಣು.

ಇದನ್ನು ಕಟ್ಟುವವರು ಯಾರು?

ಕೈಕಾಲಿನ ನರಗಳಲ್ಲಿ ಷ್ವಾನ್ ಜೀವಕೋಶ. ಒಂದು ಜೀವಕೋಶ, ಒಂದೇ ತುಂಡು ಮೈಲಿನ್. ಮೆದುಳು, ಬೆನ್ನುಹುರಿಗಳಲ್ಲಿ ಆ ಕೆಲಸ ಆಲಿಗೋಡೆಂಡ್ರೋಸೈಟ್‌ನದು. 1921ರಲ್ಲಿ ಸ್ಪೇನಿನ ರಿಯೋ ಹೊರ್ಟೇಗಾ ಇಟ್ಟ ಹೆಸರು. ಇದರ ಕೈ ಬಹಳ ಉದ್ದ. ಒಂದೇ ಜೀವಕೋಶ ನಲವತ್ತು ಐವತ್ತು ತುಂಡುಗಳನ್ನು ಸುತ್ತಬಲ್ಲದು. ಒಂದು ಸತ್ತರೆ ಅಷ್ಟೂ ಕಡೆ ಹೊದಿಕೆ ಹೋಯಿತು ಅಂತ ಲೆಕ್ಕ.

ಹೇಗೆ ಸುತ್ತುತ್ತದೆ ಅನ್ನುವುದು ನನಗೆ ಇವತ್ತಿಗೂ ಬೇಜಾರಾಗದ ವಿಷಯ. 1954ರಲ್ಲಿ ಬೆಟ್ಟಿ ಗೆರೆನ್ ಎಂಬ ವಿಜ್ಞಾನಿ ಕೋಳಿ ಭ್ರೂಣದ ನರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೈಲಿನ್ ಅಂದರೆ ಷ್ವಾನ್ ಜೀವಕೋಶ ತನ್ನ ಪೊರೆಯನ್ನೇ ಸುರುಳಿಯಾಗಿ ಸುತ್ತಿದ್ದು ಎಂದು ಆಗ ಗೊತ್ತಾಯಿತು. ನಮ್ಮ ಕಡೆ ಹಿರಿಯರು ರುಮಾಲು ಸುತ್ತುವುದನ್ನು ನೋಡಿದ್ದೀರಲ್ಲ, ಹಾಗೆ. ಆದರೆ ರುಮಾಲಿನಲ್ಲಿ ಹೊಸ ಸುತ್ತು ಹೊರಗೆ ಬರುತ್ತದೆ. ಮೆದುಳಿನ ಮೈಲಿನ್‌ನಲ್ಲಿ ಹೊಸ ಸುತ್ತು ಒಳಗಿನಿಂದ, ತಂತುವಿಗೆ ತಾಗಿದ ಜಾಗದಲ್ಲಿ, ಹಳೆಯ ಸುತ್ತುಗಳ ಅಡಿಯಲ್ಲಿ ನುಸುಳುತ್ತದೆ. ತಲೆಗೂ ರುಮಾಲಿಗೂ ನಡುವೆ ಬಟ್ಟೆ ತೂರಿಸಿ ಇನ್ನೊಂದು ಸುತ್ತು ಹಾಕಿ ನೋಡೋಣ ಅಂದರೆ ಯಾರಿಗಾದರೂ ಆಗುತ್ತದಾ?

ಈ ಕೆಲಸ ತಾಯಿಯ ಹೊಟ್ಟೆಯಲ್ಲೇ ಶುರುವಾಗುತ್ತದೆ, ಮೊದಲ ಎರಡು ವರ್ಷ ಭರದಿಂದ ಸಾಗುತ್ತದೆ. ಕೂಸಿನ ಕುತ್ತಿಗೆ ನಿಲ್ಲುವುದು, ಕೂಡುವುದು, ಹೆಜ್ಜೆ ಇಡುವುದು ಎಲ್ಲದರ ಹಿಂದೆಯೂ ಮೈಲಿನ್‌ನ ಪಾಲಿದೆ. ಹಣೆಯ ಹಿಂದಿನ ಮೆದುಳಿನಲ್ಲಿ ಇಪ್ಪತ್ತು ದಾಟಿದ ಮೇಲೂ ಕೆಲಸ ಮುಗಿದಿರುವುದಿಲ್ಲ. ಹದಿನೇಳರ ಮಗ ಮಾತು ಕೇಳುವುದಿಲ್ಲ ಅಂತ ಬರುವ ತಂದೆತಾಯಿಗೆ ನಾನು ಇದನ್ನೇ ಹೇಳಿ ಕಳಿಸುತ್ತೇನೆ. ಯಾರಿಗೂ ಸಮಾಧಾನ ಆದದ್ದು ಕಂಡಿಲ್ಲ.

ಯಾವ ಕಾಯಿಲೆಗಳಲ್ಲಿ ಇದು ಹಾಳಾಗುತ್ತದೆ?

ಹೆಸರು ಜಾಸ್ತಿ ಕೇಳಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್. ಪ್ಯಾರಿಸ್ಸಿನ ಶಾರ್ಕೋ 1868ರಲ್ಲಿ ಇದನ್ನು ಬೇರೆಯದೇ ಕಾಯಿಲೆ ಎಂದು ಗುರುತಿಸಿದರು. ನಮ್ಮದೇ ರೋಗನಿರೋಧಕ ವ್ಯವಸ್ಥೆ ಮೆದುಳಿನ ಮೈಲಿನ್ ಮೇಲೆ ತಿರುಗಿಬೀಳುತ್ತದೆ. ಅಮೆರಿಕದ ಸೇನೆಯ ಒಂದು ಕೋಟಿ ಜನರ ದಾಖಲೆ ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಎಂಎಸ್ ಬರುವ ಸಂಭವ 32 ಪಟ್ಟು ಏರಿದ್ದು ಕಂಡಿತು. ಹಾಗಂತ ವೈರಸ್ ತಗುಲಿದವರಿಗೆಲ್ಲ ಕಾಯಿಲೆ ಬರುವುದಿಲ್ಲ. ವೈರಸ್ ನಮ್ಮಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಇದೆ.

ನಮ್ಮ ದೇಶದಲ್ಲಿ ಇದರ ಜೊತೆ ಎರಡು ಬೇರೆ ಕಾಯಿಲೆಗಳನ್ನೂ ಮರೆಯಬಾರದು, ಎನ್‌ಎಂಒ ಮತ್ತು ಮಾಗ್ (ಎಂಒಜಿ). ಎರಡೂ ಮುಖ್ಯವಾಗಿ ಕಣ್ಣಿನ ನರ, ಬೆನ್ನುಹುರಿಗೆ ಬರುವಂಥವು, ನೋಡಲು ಎಂಎಸ್ ಹಾಗೇ ಕಾಣುತ್ತವೆ. ಎನ್‌ಎಂಒಗೆ ಕಾರಣವಾದ ಪ್ರತಿಕಾಯ 2004ರಲ್ಲಿ ಸಿಕ್ಕಿತು. ಅದು ಅಂಟಿಕೊಳ್ಳುವುದು ಅಕ್ವಾಪೋರಿನ್-4 ಎಂಬ ಪ್ರೋಟೀನಿಗೆ ಎಂದು ಮರುವರ್ಷ ತಿಳಿಯಿತು. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಇಂಥ ರೋಗಿಗಳ ದಾಖಲೆ ಇಟ್ಟು ವರ್ಷಗಟ್ಟಲೆ ಕೆಲಸ ಮಾಡಿದೆ. ಹೆಸರಿನ ವ್ಯತ್ಯಾಸಕ್ಕೆ ಯಾಕಿಷ್ಟು ಹಟ ಅಂದರೆ, ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಸೂಜಿ ಎನ್‌ಎಂಒ ಇರುವವರಿಗೆ ಕೊಟ್ಟರೆ ಕಾಯಿಲೆ ಕೆರಳಬಹುದು. ರಕ್ತಪರೀಕ್ಷೆಗೆ ದುಡ್ಡು ಜಾಸ್ತಿ ಆಯಿತು ಅಂತ ಬೇಸರ ಮಾಡಿಕೊಳ್ಳಬೇಡಿ.

ಕೈಕಾಲಿನ ನರಗಳಲ್ಲಿ ಗಿಲ್ಯಾನ್-ಬಾರೆ ಇದೆ. ಭೇದಿ ಅಥವಾ ಜ್ವರ ಬಂದುಹೋಗಿ ಒಂದೆರಡು ವಾರಕ್ಕೆ ಕಾಲಿನಿಂದ ಶಕ್ತಿ ಸೋರಿಹೋಗಲು ಶುರುವಾಗುತ್ತದೆ, ಮೇಲಕ್ಕೆ ಏರುತ್ತದೆ. ಉಸಿರಾಟಕ್ಕೆ ಬಂದರೆ ವೆಂಟಿಲೇಟರ್ ಬೇಕು. ಹೆದರಿಕೆಯ ಕಾಯಿಲೆಯೇ, ಆದರೆ ಷ್ವಾನ್ ಜೀವಕೋಶಗಳು ದುರಸ್ತಿಯಲ್ಲಿ ಗಟ್ಟಿಗ. ಸರಿಯಾದ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಎಂಟು ಜನ ಆರು ತಿಂಗಳೊಳಗೆ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ.

ಬೇಸಿಗೆ ಬಂದರೆ ಕಣ್ಣು ಮಂಜಾಗುತ್ತದೆ, ಕಾಲು ಎಳೆಯುತ್ತದೆ. ಕಾಯಿಲೆ ಮತ್ತೆ ಬಂತಾ?

ಏಪ್ರಿಲ್ ಶುರುವಾದರೆ ಎಂಎಸ್ ಇರುವವರಿಂದ ನನ್ನ ಫೋನಿಗೆ ಬರುವ ಪ್ರಶ್ನೆ ಇದೊಂದೇ. ನಮ್ಮ ಬಿಸಿಲು ಗೊತ್ತಲ್ಲ, ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್, ತಮ್ಮ ಕೆಲವು ರೋಗಿಗಳಿಗೆ ದಣಿವಾದಾಗ ದೃಷ್ಟಿ ಮಂಜಾಗಿ, ಕೂತು ಸುಧಾರಿಸಿಕೊಂಡರೆ ಸರಿಹೋಗುವುದನ್ನು ಬರೆದಿಟ್ಟರು. ಅವರು ದಣಿವು ಅಂದುಕೊಂಡರು. ನಿಜವಾದ ಕಾರಣ ಮೈಬಿಸಿ ಏರುವುದು ಎಂದು ಆಮೇಲೆ ತಿಳಿಯಿತು. ಎಂಆರ್‌ಐ ಬರುವ ಮುಂಚೆ ವೈದ್ಯರು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂಡಿಸಿ ಎಂಎಸ್ ಪರೀಕ್ಷೆ ಮಾಡುತ್ತಿದ್ದರು. ಕಲಬುರಗಿಯಲ್ಲಿ ತೊಟ್ಟಿಯ ಖರ್ಚೂ ಇಲ್ಲ, ಮಧ್ಯಾಹ್ನ ಎರಡಕ್ಕೆ ಜಗತ್ ಸರ್ಕಲ್‌ನಲ್ಲಿ ನಿಲ್ಲಿಸಿದರೆ ಆಯಿತು.

ಒಳಗೆ ಆಗುವುದು ಇಷ್ಟು. ಮೈಲಿನ್ ಹೋದ ಜಾಗ ದಾಟಲು ಸಂದೇಶಕ್ಕೆ ಮೊದಲೇ ಕಷ್ಟ, ಹೇಗೋ ದಾಟುತ್ತಿರುತ್ತದೆ. ಬಿಸಿ ಏರಿದಾಗ ತಂತುವಿನ ಸೋಡಿಯಂ ಬಾಗಿಲುಗಳು ಬೇಗ ಮುಚ್ಚಿಕೊಳ್ಳುತ್ತವೆ, ಚಿಮ್ಮುವ ಕರೆಂಟು ಕಡಿಮೆಯಾಗುತ್ತದೆ, ಸಂದೇಶ ಅಲ್ಲೇ ನಿಲ್ಲುತ್ತದೆ. ಬಹಳ ಹಾಳಾದ ತಂತುವಿಗೆ ಅರ್ಧ ಡಿಗ್ರಿ ಹೆಚ್ಚಾದರೂ ಸಾಕು. ತಂಪಾದರೆ ಮತ್ತೆ ದಾಟುತ್ತದೆ. ಹೊಸ ಹಾನಿ ಏನೂ ಆಗಿರುವುದಿಲ್ಲ.

ಹಾಗಾಗಿ ಮೊದಲು ನೆರಳು, ತಣ್ಣೀರು, ಕತ್ತಿಗೆ ಒದ್ದೆ ಟವೆಲ್, ಕೂಲರ್ ಮುಂದೆ ಅರ್ಧ ಗಂಟೆ. ಹೊಲದ ಕೆಲಸ ಇದ್ದರೆ ನಸುಕಿಗೆ ಮುಗಿಸಿ. ಇಷ್ಟಕ್ಕೆ ಸರಿಹೋದರೆ ಸುಮ್ನೆ ಗಾಬರಿ ಬೇಡ. ಜ್ವರ ಇಲ್ಲದೆಯೂ, ತಂಪಾದ ಮೇಲೂ ತೊಂದರೆ 24 ಗಂಟೆ ದಾಟಿದರೆ ಅದು ಹೊಸ ದಾಳಿ ಇರಬಹುದು, ಬನ್ನಿ. ಜ್ವರ, ಉರಿಮೂತ್ರ ಇದ್ದರೂ ಬನ್ನಿ, ಸೋಂಕಿಗೆ ಚಿಕಿತ್ಸೆ ಆದರೆ ನರವೂ ಸುಧಾರಿಸುತ್ತದೆ.

ಹೋದ ಮೈಲಿನ್ ಮತ್ತೆ ಬರುತ್ತದಾ?

ಬರುತ್ತದೆ. ಈ ಒಂದು ಮಾತಿಗಾಗಿಯೇ ನಾನು ಈ ದಾರಿ ಹಿಡಿದದ್ದು. 1961ರಲ್ಲಿ ರಿಚರ್ಡ್ ಮತ್ತು ಮೇರಿ ಬಂಜ್ ದಂಪತಿ, ಹಾನಿಯಾದ ಬೆಕ್ಕಿನ ಬೆನ್ನುಹುರಿಯಲ್ಲಿ ಹೊಸ ಮೈಲಿನ್ ಕಟ್ಟಿಕೊಂಡದ್ದನ್ನು ತೋರಿಸಿದರು. ಮೆದುಳು ಬೆನ್ನುಹುರಿ ಕೆಟ್ಟರೆ ಕೆಟ್ಟಂತೆಯೇ ಎಂದು ನಂಬಿದ್ದ ಕಾಲ ಅದು. ಮನುಷ್ಯರಲ್ಲೂ ದುರಸ್ತಿ ನಡೆಯುತ್ತದೆ. ಎಂಎಸ್‌ನಿಂದ ತೀರಿಕೊಂಡವರ ಮೆದುಳಿನಲ್ಲಿ ಕೆಲವು ಕಲೆಗಳು ಪೂರ್ತಿ ಹೊಸ ಮೈಲಿನ್ ತುಂಬಿಕೊಂಡು ಮಾಸಲು ನೆರಳಿನ ಹಾಗೆ ಕಾಣುತ್ತವೆ. ಆದರೆ ಹೊಸ ಹೊದಿಕೆ ಹಳೆಯದಕ್ಕಿಂತ ತೆಳು.

ದುರಸ್ತಿಗೆ ಬೇಕಾದ ಕೆಲಸಗಾರರು ಮೆದುಳಿನಲ್ಲೇ ಇದ್ದಾರೆ. ಓಪಿಸಿ ಅಂತ ಕರೆಯುವ, ಬಲಿತರೆ ಆಲಿಗೋಡೆಂಡ್ರೋಸೈಟ್ ಆಗುವ ಪೂರ್ವ ಜೀವಕೋಶಗಳು, ಜೀವನವಿಡೀ ಮೆದುಳಿನ ತುಂಬ ಹರಡಿಕೊಂಡಿರುತ್ತವೆ. ಹಾನಿ ಆದ ಕಡೆ ಹೋಗಬೇಕು, ಹೆಚ್ಚಾಗಬೇಕು, ಬಲಿಯಬೇಕು, ಸುತ್ತಬೇಕು. ಎಂಎಸ್‌ನ ಹಳೆಯ ಕಲೆಗಳಲ್ಲಿ ನೋಡಿದರೆ ಎಷ್ಟೋ ಕಡೆ ಇವು ಬಂದು ಕೂತಿರುತ್ತವೆ, ಬಲಿತಿರುವುದಿಲ್ಲ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೆಸರು ಬರೆಸಿ ಮರದ ನೆರಳಿಗೆ ಕೂತವರ ಹಾಗೆ. ಯಾಕೆ ಏಳುತ್ತಿಲ್ಲ? ಒಡೆದ ಮೈಲಿನ್ ಚೂರುಗಳು ಅಡ್ಡ ಬಂದಿವೆಯಾ, ಸುತ್ತಲಿನ ಉರಿಯೂತವಾ, ವಯಸ್ಸಾ? ಮೂರೂ ಹೌದು. ಯಾವುದು ಎಷ್ಟು ಅನ್ನುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಲ್ಯಾಬಿನಲ್ಲಿ ನಿಜವಾಗಿ ಏನು ಮಾಡುತ್ತೀರಿ?

ಹೊರಗಿನಿಂದ ಕಾಣುವಷ್ಟು ರೋಚಕ ಏನಿಲ್ಲ. ಬೆಂಗಳೂರಿನಲ್ಲಿ ಕಲಿಯುವಾಗ ನನ್ನ ಪಾಲಿಗೆ ಬಂದದ್ದು ಇಲಿಮರಿ ಗಾತ್ರದ ಮೌಸ್‌ಗಳು. ಅವುಗಳ ಮೇವಿನಲ್ಲಿ ಕ್ಯುಪ್ರಿಝೋನ್ ಎಂಬ ಪುಡಿ ನೂರಕ್ಕೆ 0.2ರ ಪ್ರಮಾಣದಲ್ಲಿ ಬೆರೆಸಿದರೆ, ಐದಾರು ವಾರಕ್ಕೆ ಮೆದುಳಿನ ಎರಡು ಅರ್ಧ ಜೋಡಿಸುವ ಸೇತುವೆಯ ಮೈಲಿನ್ ಕಳಚುತ್ತದೆ. ಮಾಮೂಲು ಮೇವು ಕೊಟ್ಟರೆ ಕೆಲವೇ ವಾರದಲ್ಲಿ ತಿರುಗಿ ಕಟ್ಟಿಕೊಳ್ಳುತ್ತದೆ. ಹನ್ನೆರಡು ವಾರ ಪುಡಿ ತಿನ್ನಿಸಿದರೆ ಮಾತ್ರ ದುರಸ್ತಿ ಸೊರಗುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಇದ್ಯಾವುದನ್ನೂ ಮಾಡುವ ಹಾಗಿಲ್ಲ.

ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು. ಪ್ರತಿ ತಂತು ಒಂದು ಬೂದು ಬಣ್ಣದ ಚುಕ್ಕಿ, ಸುತ್ತ ಕಪ್ಪು ಉಂಗುರ. ಒಳಗಿನ ತಂತುವಿನ ಅಗಲವನ್ನು ಉಂಗುರ ಸೇರಿದ ಅಗಲದಿಂದ ಭಾಗಿಸಬೇಕು. ಇದಕ್ಕೆ ಜಿ-ರೇಷಿಯೊ ಅನ್ನುತ್ತಾರೆ. ಆರೋಗ್ಯದ ತಂತುವಿನಲ್ಲಿ 0.6ರಿಂದ 0.8ರ ನಡುವೆ. ಸಂಖ್ಯೆ ಒಂದರ ಹತ್ತಿರ ಹೋದಷ್ಟೂ ಹೊದಿಕೆ ತೆಳು. ಇಂಥ ಸಾವಿರಾರು ಉಂಗುರಗಳನ್ನು ಕೈಯಾರೆ ಅಳೆದಿದ್ದೇನೆ. ಯಾವ ಚಿತ್ರ ಔಷಧಿ ತಿಂದ ಪ್ರಾಣಿಯದ್ದು ಅಂತ ನನಗೆ ತಿಳಿಯದ ಹಾಗೆ ಬೇರೆಯವರು ಸಂಖ್ಯೆ ಹಾಕಿರುತ್ತಾರೆ. ಕೊನೆಯ ದಿನ ಲಕೋಟೆ ಒಡೆದು ನೋಡಿದಾಗ ಎರಡು ಗುಂಪಿಗೂ ವ್ಯತ್ಯಾಸ ಇಲ್ಲ ಅಂತ ಗೊತ್ತಾಗಿ, ಹೊರಗೆ ಬಂದು ಎರಡು ಚಹಾ ಕುಡಿದದ್ದು ನೆನಪಿದೆ.

ಅದಕ್ಕಿಂತ ಕೆಟ್ಟ ದಿನವೂ ಬಂತು. ಹಬ್ಬದ ರಜೆಯಲ್ಲಿ ಕರೆಂಟು ಹೋಗಿ, ಜನರೇಟರ್ ಹತ್ತದೆ, ಮೈನಸ್ 80 ಡಿಗ್ರಿಯ ಫ್ರೀಜರ್ ಎರಡು ದಿನ ನಿಂತುಹೋಯಿತು. ಬಾಗಿಲು ತೆಗೆದಾಗ ಕೆಳಗಿನ ಟ್ರೇಯಲ್ಲಿ ನೀರು, ನೀರಿನಲ್ಲಿ ತೇಲುವ ಲೇಬಲ್‌ಗಳು, ಅದರ ಮೇಲೆ ನನ್ನದೇ ಕೈಬರಹ. ಹದಿನಾಲ್ಕು ತಿಂಗಳ ಕೆಲಸ. ಯಾರನ್ನು ಬೈದು ಏನು ಮಾಡುವುದು? ಈಗ ಫ್ರೀಜರ್‌ಗೆ ಅಲಾರಂ ಇದೆ, ಅದು ಬಡಿದುಕೊಳ್ಳುವುದು ನನ್ನ ಫೋನಿನಲ್ಲಿ.

ದುರಸ್ತಿಗೆ ಔಷಧಿ ಬಂತಾ?

ಎಂಎಸ್ ದಾಳಿ ತಡೆಯುವ ಔಷಧಿಗಳು ಬಹಳ ಇವೆ, 1993ರಿಂದ ಒಂದರ ಹಿಂದೆ ಒಂದು ಬಂದಿವೆ. ದುರಸ್ತಿ ಮಾಡುವುದಕ್ಕೆ ಅಂತ ಮಂಜೂರಾದದ್ದು ಇನ್ನೂ ಒಂದೂ ಇಲ್ಲ.

ಹತ್ತಿರ ಬಂದದ್ದು ಕ್ಲೆಮಾಸ್ಟೀನ್. ಇದು ಶೀತ, ತುರಿಕೆಗೆ ಕೊಡುತ್ತಿದ್ದ ಹಳೆಯ ಮಾತ್ರೆ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜೋನಾ ಚಾನ್ ಅವರ ತಂಡ ತಂತುವಿನ ಬದಲು ಸಣ್ಣ ಸಣ್ಣ ಗಾಜಿನ ಗೋಪುರಗಳನ್ನು ಮಾಡಿ, ಜೀವಕೋಶಗಳು ಅದನ್ನೇ ಸುತ್ತುತ್ತವಾ ನೋಡಿತು. ಸುಮಾರು ಸಾವಿರ ಔಷಧಿಗಳನ್ನು ಹೀಗೆ ಜಾಲಾಡಿದಾಗ ಮೇಲೆ ಬಂದವುಗಳಲ್ಲಿ ಇದೂ ಒಂದು. 2017ರಲ್ಲಿ 50 ರೋಗಿಗಳ ಪ್ರಯೋಗ ಪ್ರಕಟವಾಯಿತು. ಕಣ್ಣಿಗೆ ಚೌಕಳಿ ಚಿತ್ರ ತೋರಿಸಿದರೆ ಮೆದುಳಿನ ಹಿಂಭಾಗಕ್ಕೆ ಸುದ್ದಿ ಮುಟ್ಟಲು ಸಾಮಾನ್ಯವಾಗಿ ಸುಮಾರು 100 ಮಿಲಿಸೆಕೆಂಡ್ ಬೇಕು. ಮೈಲಿನ್ ಹಾಳಾದ ಕಣ್ಣಿನ ನರದಲ್ಲಿ ಇನ್ನೂ ತಡ. ಔಷಧಿ ತೆಗೆದುಕೊಂಡವರಲ್ಲಿ ಆ ತಡ ಕಣ್ಣೊಂದಕ್ಕೆ 1.7 ಮಿಲಿಸೆಕೆಂಡ್ ಕಡಿಮೆಯಾಯಿತು. ರೋಗಿಗೆ ಅದು ಗಮನಕ್ಕೇ ಬಾರದಷ್ಟು ಸಣ್ಣದು, ಮೇಲಿಂದ ಸುಸ್ತು ಬೇರೆ. ನಮಗೆ ಮಾತ್ರ ಆವತ್ತು ಹಬ್ಬ. ವರ್ಷಗಳ ಹಿಂದೆ ಹೋದ ಮೈಲಿನ್ ಔಷಧಿಯಿಂದ ವಾಪಸ್ ಬರಬಹುದು ಅನ್ನುವುದಕ್ಕೆ ಮನುಷ್ಯರಲ್ಲಿ ಒಂದು ಗುರುತು ಸಿಕ್ಕಿತಲ್ಲ.

ಹಾಗಂತ ಅಂಗಡಿಯಿಂದ ತಂದು ನುಂಗಬೇಡಿ. ನಿಧಾನಕ್ಕೆ ಹೆಚ್ಚುತ್ತಾ ಹೋಗುವ ಎಂಎಸ್ ಇದ್ದ ಕೆಲವರಿಗೆ ಇದೇ ಔಷಧಿಯಿಂದ ಕಷ್ಟ ಜಾಸ್ತಿಯಾದ ವರದಿಯೂ ಇದೆ. ಬಹಳ ನಿರೀಕ್ಷೆ ಇದ್ದ ಒಪಿಸಿನುಮ್ಯಾಬ್ ಎಂಬ ಇನ್ನೊಂದು ದುರಸ್ತಿ ಔಷಧಿ ದೊಡ್ಡ ಪ್ರಯೋಗದಲ್ಲಿ ಸೋತಿತು.

ಉಪವಾಸ ಮಾಡಿದರೆ ಮೈಲಿನ್ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ?

ಅದು ಪೂರ್ತಿ ಸುಳ್ಳಲ್ಲ. ಕೇಂಬ್ರಿಜ್‌ನಲ್ಲಿ ರಾಬಿನ್ ಫ್ರಾಂಕ್ಲಿನ್ ಅವರ ತಂಡ 2019ರಲ್ಲಿ, ಮುದಿ ಇಲಿಗಳಿಗೆ ದಿನ ಬಿಟ್ಟು ದಿನ ಉಪವಾಸ ಹಾಕಿದರೆ ಅಥವಾ ಮೆಟ್‌ಫಾರ್ಮಿನ್ ಕೊಟ್ಟರೆ ಅವುಗಳ ಓಪಿಸಿಗಳು ಮತ್ತೆ ಚುರುಕಾಗುವುದನ್ನು ತೋರಿಸಿತು. ಮೆಟ್‌ಫಾರ್ಮಿನ್ ಅಂದರೆ ನಮ್ಮ ಮನೆಮನೆಯಲ್ಲಿರುವ ಸಕ್ಕರೆ ಕಾಯಿಲೆಯ ಗುಳಿಗಿ. ಆದರೆ ಇಲಿಗಳ ಉಪವಾಸ ಆರು ತಿಂಗಳದ್ದು, ನಡುವೆ ಸಾಬುದಾಣಿ ಖಿಚಡಿ ಇರಲಿಲ್ಲ. ಶ್ರಾವಣ ಸೋಮವಾರವೋ ರೋಜಾವೋ ನಿಮ್ಮ ನಂಬಿಕೆಗೆ ಮಾಡಿ. ಮಾತ್ರೆ ತಪ್ಪಿಸಬೇಡಿ ಅಷ್ಟೇ.

ಬಿ12 ಸೂಜಿ ಎಲ್ಲರಿಗೂ ಯಾಕೆ ಬರೆಯುತ್ತೀರಿ?

ಎಲ್ಲರಿಗೂ ಬರೆಯುವುದಿಲ್ಲ, ಆದರೆ ನಮ್ಮ ಕಡೆ ಬಹಳ ಜನಕ್ಕೆ ಬೇಕಾಗುತ್ತದೆ. ಮೈಲಿನ್ ಚೆನ್ನಾಗಿ ಉಳಿಯಲು ಬಿ12 ಬೇಕೇಬೇಕು. ಅದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ ಎಷ್ಟೇ ಒಳ್ಳೆಯ ಊಟವಾದರೂ ಅದರಲ್ಲಿ ಬಿ12 ಇಲ್ಲ. ಹಾಲು ಅಂದರೆ ನೀರು ಬೆರೆಸಿದ ಚಹಾದ ಹಾಲು. ಅದರ ಮೇಲೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ ಗುಳಿಗಿ ತಗೊಂಡರೆ ಇದ್ದದ್ದೂ ಮೈಗೆ ಸೇರುವುದು ಕಡಿಮೆ.

ಒಬ್ಬ ಹೆಣ್ಣುಮಗಳು ಬಂದು, "ಬಚ್ಚಲದಾಗ ಮುಖಕ್ಕ ಸಾಬಾಣ ಹಚ್ಚಿ ಕಣ್ ಮುಚ್ಚಿದ್ರ ಸಾಕ್ರಿ, ಜೋಲಿ ಹೊಡೀತದ" ಅಂದರು. ಪಾದದಲ್ಲಿ ಇರುವೆ ಹರಿದಾಡಿದ ಹಾಗೆ, ಚಪ್ಪಲಿ ಜಾರಿ ಹೋದರೂ ಗೊತ್ತಾಗುವುದಿಲ್ಲ. ಎರಡು ವರ್ಷ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡಿದ್ದರು. ಬೆನ್ನುಹುರಿಯ ಹಿಂಬದಿಯ ತಂತುಗಳ ಮೈಲಿನ್ ಹೋದರೆ ಕಾಲು ಎಲ್ಲಿದೆ ಅನ್ನುವ ಸುದ್ದಿ ಮೇಲೆ ಬರುವುದಿಲ್ಲ. ಕಣ್ಣು ತೆರೆದಿರುವ ತನಕ ಕಣ್ಣೇ ಸಂಭಾಳಿಸುತ್ತದೆ. ಸೂಜಿ ಶುರುಮಾಡಿ ಕೆಲವು ತಿಂಗಳಿಗೆ ಅವರು ಬಚ್ಚಲ ಗೋಡೆ ಹಿಡಿಯುವುದು ಬಿಟ್ಟರು. ಪಾದದ ಜುಮ್ ಮಾತ್ರ ಪೂರ್ತಿ ಹೋಗಲಿಲ್ಲ, ತಡವಾಗಿತ್ತು. ರಕ್ತ ಕಡಿಮೆ ಅಂತ ಬರೀ ಫೋಲಿಕ್ ಆಸಿಡ್ ತಿನ್ನುವುದೂ ಅಪಾಯ. ರಕ್ತ ಸರಿಹೋಗುತ್ತದೆ, ನರ ಒಳಗೊಳಗೇ ಕೆಡುತ್ತಿರುತ್ತದೆ.

ನಲವತ್ತು ವರ್ಷದ ಮೈಲಿನ್ ವಿಜ್ಞಾನ ಓದಿ, ಕೊನೆಗೆ ನನ್ನ ಕೈಯಲ್ಲಿ ಜಾಸ್ತಿ ಜನಕ್ಕೆ ಉಪಯೋಗವಾದದ್ದು ಈ ಕೆಂಪು ಬಣ್ಣದ ಅಗ್ಗದ ಸೂಜಿ. ಸ್ವಲ್ಪ ನಗುವೂ ಬರುತ್ತದೆ.

ಸ್ಟೆಮ್ ಸೆಲ್ ಹಾಕಿಸೋಣವಾ?

ಮಾನ್ಯತೆ ಇರುವ ಪ್ರಯೋಗದ ಹೊರಗೆ ಬೇಡ. ಕೆಲವು ರಕ್ತದ ಕಾಯಿಲೆಗಳಂಥವನ್ನು ಬಿಟ್ಟು ಉಳಿದದ್ದಕ್ಕೆ ಇದನ್ನು ಚಿಕಿತ್ಸೆ ಅಂತ ಮಾರಬಾರದು ಎಂದು 2017ರ ರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಹೊಲ ಒತ್ತೆ ಇಟ್ಟು ಹೋಗಿ ಬಂದವರನ್ನು ನೋಡಿದ್ದೇನೆ.

ಸೋದರಮಾವನಿಗೆ ಕೊಟ್ಟರೆ ಮಕ್ಕಳಿಗೆ ಹೀಗಾಗುತ್ತದಾ?

ಎಂಎಸ್‌ಗೂ ಇದಕ್ಕೂ ನೇರ ನಂಟಿಲ್ಲ. ಆದರೆ ಲ್ಯೂಕೋಡಿಸ್ಟ್ರೋಫಿ ಎಂಬ ಕಾಯಿಲೆಗಳ ಗುಂಪಿದೆ, ಮಕ್ಕಳಲ್ಲಿ ಮೈಲಿನ್ ಸರಿಯಾಗಿ ಕಟ್ಟುವುದಿಲ್ಲ ಅಥವಾ ಕಟ್ಟಿದ್ದು ಕರಗುತ್ತದೆ. ಇವುಗಳಲ್ಲಿ ಅನೇಕವು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಆಗುವಂಥವು. ಸಂಬಂಧದೊಳಗೆ ಮದುವೆಯಾದರೆ ಆ ಸಂಭವ ಜಾಸ್ತಿ. ನಡೆಯುತ್ತಿದ್ದ ಮಗು ನಡೆಯುವುದು ಬಿಟ್ಟರೆ, ಮಾತು ಮರೆತರೆ ತಡಮಾಡಬೇಡಿ. ಮುಂದಿನ ಬಸಿರಿಗೆ ಮೊದಲೇ ಜೀನ್ ಪರೀಕ್ಷೆ ಮಾಡಿಸಿ. ಸೊಸೆಯನ್ನು ಬೈಯಬೇಡಿ, ಅರ್ಧ ಜೀನ್ ನಿಮ್ಮ ಮಗನದು.

ನಮ್ಮ ಹುಡುಗ ಈ ಓದು ಓದಬೇಕು ಅಂತಾನೆ. ಎಷ್ಟು ವರ್ಷ?

ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ, ಎಂಡಿ ಮೂರು, ನರರೋಗದಲ್ಲಿ ಡಿಎಂ ಮೂರು. ಹನ್ನೊಂದೂವರೆ ವರ್ಷ ಆಯಿತು, ಸಂಶೋಧನೆ ಇನ್ನೂ ಶುರುವಾಗಿಲ್ಲ. ಎಂಬಿಬಿಎಸ್ ಸೀಟಿಗೆ 371ಜೆ ಮೀಸಲಾತಿ ನಮ್ಮ ಭಾಗದವರಿಗೆ ದೊಡ್ಡ ಆಸರೆ. ಡಾಕ್ಟರ್ ಆಗದೆಯೂ ಬರಬಹುದು. ಬಯಾಲಜಿ ಓದಿ ಪಿಎಚ್‌ಡಿ ಮಾಡಿದವರೇ ಈ ಕ್ಷೇತ್ರದಲ್ಲಿ ಜಾಸ್ತಿ. ಮೇಲೆ ಹೇಳಿದ ಫ್ರಾಂಕ್ಲಿನ್ ಓದಿದ್ದು ಪಶುವೈದ್ಯ.

ಹುಡುಗನಿಗೆ ಒಂದು ಪರೀಕ್ಷೆ ಇಡಿ. ಒಂದೇ ಚೀಲ ತೊಗರಿಯಲ್ಲಿ ಹುಳ ಬಿದ್ದ ಕಾಳು ಎಷ್ಟು ಅಂತ ಎಣಿಸಲು ಹೇಳಿ, ಆಮೇಲೆ ಇನ್ನೊಮ್ಮೆ ಎಣಿಸಲು ಹೇಳಿ. ಎರಡನೆಯ ಸಲವೂ ಕೂತರೆ ಕಳಿಸಿ.

ಓಪಿಡಿಗೆ ಬರುವಾಗ ಏನು ತರಬೇಕು?

ಹಳೆಯ ಎಂಆರ್‌ಐ ಫಿಲ್ಮ್ ಎಲ್ಲವೂ, ಬರೀ ರಿಪೋರ್ಟ್ ಅಲ್ಲ. ಸೊಲ್ಲಾಪುರದ್ದು, ಹೈದರಾಬಾದಿನದ್ದು ಯಾವುದಾದರೂ ಸರಿ. ಸಿಡಿ ಇದ್ದರೆ ಇನ್ನೂ ಒಳ್ಳೆಯದು. ತಿನ್ನುತ್ತಿರುವ ಗುಳಿಗಿಯ ಪಟ್ಟಿಗಳನ್ನು, ಖಾಲಿಯಾದದ್ದನ್ನೂ, ಚೀಲಕ್ಕೆ ಹಾಕಿಕೊಳ್ಳಿ. ಮೊದಲ ಸಲ ತೊಂದರೆ ಆದದ್ದು ಯಾವ ಹಬ್ಬದ ಹಿಂದುಮುಂದೆ ಅಂತ ನೆನಪಿದ್ದರೆ ಸಾಕು, ತಾರೀಖು ನಾನು ಹುಡುಕಿಕೊಳ್ಳುತ್ತೇನೆ. ಫಿಲ್ಮ್ ಮಡಚಬೇಡಿ. ತಗಡಿನ ಮಾಡಿನ ಕೆಳಗೆ ಟ್ರಂಕಿನಲ್ಲಿ ಇಡಬೇಡಿ, ಬೇಸಿಗೆಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೋದ ವರ್ಷ ಒಬ್ಬರ ನಾಲ್ಕು ಫಿಲ್ಮ್ ಬಿಡಿಸಲು ನಾನೂ ಸಿಸ್ಟರೂ ಸೇರಿ ಮುಕ್ಕಾಲು ಗಂಟೆ ಹೆಣಗಿದೆವು, ಎರಡು ಮಾತ್ರ ಉಳಿದವು.